ಪೂರ್ವಕ್ಕೆ ನದಿ, ಪಶ್ಚಿಮಕ್ಕೆ ಕೊಳವೆ

ಕುದುರೆಮುಖದ ಬೆಟ್ಟಸಾಲಿನಿಂದ ಎರಡು ದಾರಿಗಳು ಹೊರಡುತ್ತವೆ. ಒಂದು ಭದ್ರಾ ನದಿ. ಗಂಗಾಮೂಲದಲ್ಲಿ ಹುಟ್ಟಿ, ಕಳಸ, ಬಾಳೆಹೊನ್ನೂರು ದಾಟಿ, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ಮತ್ತೆ ಹೊರಟು ನಮ್ಮ ಭದ್ರಾವತಿಯ ನಡುವೆ ಹಾದು, ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಇನ್ನೊಂದು ಉಕ್ಕಿನ ಕೊಳವೆ. ಘಟ್ಟ ಇಳಿದು, ಕಾರ್ಕಳ ಸೀಮೆಯ ತೋಟಗದ್ದೆಗಳ ಕಡೆಯಿಂದ ಸಾಗಿ, 67 ಕಿಲೋಮೀಟರ್ ದೂರದ ಪಣಂಬೂರಿನಲ್ಲಿ ನವಮಂಗಳೂರು ಬಂದರನ್ನು ಮುಟ್ಟುತ್ತದೆ. ಕಾಲು ಶತಮಾನದ ಕಾಲ ಬೆಟ್ಟದ ಕಬ್ಬಿಣ ಕೊಳವೆಯಲ್ಲಿ ಪಶ್ಚಿಮಕ್ಕೆ ಹೋಯಿತು. ಬೆಟ್ಟದ ಕೆಸರಿನ ಒಂದು ಪಾಲು ನದಿಯಲ್ಲಿ ಪೂರ್ವಕ್ಕೆ ಬಂತು. ನಾನು ಪೂರ್ವದವಳು, ಜನ್ನಾಪುರದವಳು. ನದಿಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಕೊಳವೆಯ ದಾರಿಯನ್ನು ಕೊನೆತನಕ ನೋಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು.

ಜನ್ನಾಪುರದಲ್ಲಿ ಬೆಳೆದವರಿಗೆ ಅದಿರು ಹೊಸದಲ್ಲ. ಭದ್ರಾವತಿ ಎಂಬ ಊರು ಊರಾದದ್ದೇ ಕಬ್ಬಿಣದಿಂದ. 1918ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಾರ್ಖಾನೆ ಕಟ್ಟಲು ತೊಡಗಿತು. 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ಕಾಡಿನ ಸೌದೆಯನ್ನು ಸುಟ್ಟು ಮಾಡಿದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಿದರು. ಅದಿರು ಬಂದದ್ದು ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ನೆತ್ತಿಯಿಂದ ತಪ್ಪಲಿಗೆ ಹಗ್ಗದ ದಾರಿಯಲ್ಲಿ ತೊಟ್ಟಿಗಳು ತೂಗುತ್ತಾ ಇಳಿಯುತ್ತಿದ್ದವು. ಅಲ್ಲಿಂದ ಮುಂದೆ ಸಣ್ಣ ರೈಲಿನ ಹಳಿ. ನಮ್ಮ ಅಜ್ಜಂದಿರ ಕಾಲದವರು ಆ ತೊಟ್ಟಿಗಳನ್ನು ಕಣ್ಣಾರೆ ಕಂಡವರು. ಬೆಟ್ಟ ಕರಗಿದರೆ ಅದು ಎಲ್ಲರಿಗೂ ಕಾಣುವಂತೆ ಕರಗುತ್ತಿತ್ತು, ಮತ್ತು ಕರಗಿದ್ದು ನಮ್ಮೂರಿಗೇ ಬರುತ್ತಿತ್ತು. ಕುದುರೆಮುಖದಲ್ಲಿ ಆದದ್ದು ಈ ಎರಡೂ ಅಲ್ಲ.

ನನ್ನ ಜೊತೆಗೆ ಸೋದರಮಾವ ಬಂದರು. ಕುದುರೆಮುಖದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಪೈಪ್‌ಲೈನಿನ ಕೆಲಸದಲ್ಲಿದ್ದವರು, ನಿವೃತ್ತರಾಗಿ ಈಗ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದ್ದಾರೆ. ಕಾರು ಓಡಿಸಿದ್ದು ತಮ್ಮ. ಮಳೆ ಹಿಂದೆ ಸರಿದು ಬಿಸಿಲು ಹದವಾಗಿದ್ದ ದಿನಗಳು. ಉಂಬ್ಳೆಬೈಲು, ಮುತ್ತಿನಕೊಪ್ಪ, ನರಸಿಂಹರಾಜಪುರ. ಭದ್ರಾ ಹಿನ್ನೀರು ಎಡೇಹಳ್ಳಿ ಸೀಮೆಯ ಎಷ್ಟೋ ಗದ್ದೆಗಳನ್ನು ನುಂಗಿದೆ; ನರಸಿಂಹರಾಜಪುರದ ಹಳೆಯ ಹೆಸರೇ ಎಡೇಹಳ್ಳಿ. ಬಾಳೆಹೊನ್ನೂರಿನ ಸೇತುವೆಯ ಮೇಲೆ ನಿಂತಾಗ ನೀರು ಹಸಿರಾಗಿತ್ತು, ತಳದ ಬಂಡೆಗಳು ಕಾಣುತ್ತಿದ್ದವು.

“ಗಣಿ ಇದ್ದಾಗ ಮಳೆಗಾಲದಲ್ಲಿ ಇಲ್ಲಿ ಹೀಗಿರಲಿಲ್ಲ ನೋಡಮ್ಮ,” ಎಂದರು ಮಾವ. “ಕೆಂಪಗೆ, ಗಟ್ಟಿಯಾಗಿ ಬರೋದು. ಇಲ್ಲಿಯವರು ನಮ್ಮನ್ನ ಕಂಡ್ರೆ ಬೈಯೋರು. ನಾವು ಕಂಪನಿಯವರು ಅಂತ ಹೇಳಿಕೊಳ್ಳೋದಕ್ಕೇ ಸಂಕೋಚ ಆಗೋದು.”

ಮಲೆನಾಡಿನ ಯಾವ ನದಿಯೂ ಆಷಾಢದಲ್ಲಿ ತಿಳಿಯಾಗಿ ಹರಿಯುವುದಿಲ್ಲ ಎಂಬುದು ನಿಜ. ಆದರೆ ಇಲ್ಲಿಯ ಕೆಸರನ್ನು ಅಳೆದವರೂ ಇದ್ದಾರೆ. ಜಗದೀಶ ಕೃಷ್ಣಸ್ವಾಮಿ ಮತ್ತು ಅವರ ಸಂಗಡಿಗ ವಿಜ್ಞಾನಿಗಳು ಭದ್ರೆಯ ಮೇಲ್ಭಾಗದಲ್ಲಿ ಮಾಡಿದ ಅಧ್ಯಯನ ಹೇಳುವುದು ಇದನ್ನೇ: ಜಲಾನಯನ ಪ್ರದೇಶದ ಬಹಳ ಸಣ್ಣ ತುಣುಕಿನಲ್ಲಿದ್ದ ಗಣಿ, ನದಿ ಹೊತ್ತು ತರುತ್ತಿದ್ದ ಹೂಳಿನ ಬಹುದೊಡ್ಡ ಪಾಲಿಗೆ ಕಾರಣವಾಗಿತ್ತು. ಆ ಹೂಳು ಹೋಗಿ ಕೂರುವುದು ಲಕ್ಕವಳ್ಳಿಯ ಜಲಾಶಯದಲ್ಲಿ. ಶಿವಮೊಗ್ಗ, ದಾವಣಗೆರೆ ಕಡೆಯ ಭತ್ತದ ಗದ್ದೆಗಳಿಗೂ ಅಡಿಕೆ ತೋಟಗಳಿಗೂ ನೀರು ಹೊರಡುವುದು ಅದೇ ಜಲಾಶಯದಿಂದ. ನಮ್ಮ ಊರೂ ಭದ್ರೆಗೆ ಒಳ್ಳೆಯದನ್ನೇ ಮಾಡಿದೆ ಎಂದು ಹೇಳಲಾರೆ. ಕಾರ್ಖಾನೆಗಳ ಕೊಳೆ ನೀರು ದಶಕಗಟ್ಟಲೆ ಈ ನದಿಗೇ ಸೇರಿದೆ, ಕೆಳಗಿನ ಹಳ್ಳಿಗಳು ಅದನ್ನು ಅನುಭವಿಸಿವೆ. ಹಾಗಿದ್ದರೂ ನದಿಯ ತಲೆಯಲ್ಲೇ ಕೆಸರು ಕಲಸಿದರೆ ಅದರ ಕೆಡುಕು ಇಡೀ ನದಿಯದಾಗುತ್ತದೆ.

ಮಾಗುಂಡಿ ದಾಟಿ ಕಳಸಕ್ಕೆ ಬಂದೆವು. ಕಳಸೇಶ್ವರನ ಗುಡಿಯ ಕೆಳಗಿನ ಪೇಟೆಯಲ್ಲಿ ಊಟ. ಮಳೆಗಾಲ ಬಂತೆಂದರೆ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದುದು ನೆನಪಾಯಿತು. ಸಂಸೆಯ ಚಹಾ ತೋಟಗಳನ್ನು ದಾಟಿದ ಮೇಲೆ ರಸ್ತೆ ಸಪಾಟಾಗಿ, ಅಗಲವಾಗಿ, ಇದ್ದಕ್ಕಿದ್ದಂತೆ ಒಂದು ಊರಿನೊಳಗೆ ಹೊಕ್ಕುಬಿಡುತ್ತದೆ. ಸಾಲು ಸಾಲು ಕ್ವಾರ್ಟರ್ಸ್, ಮುಚ್ಚಿದ ಕಿಟಕಿಗಳು, ಮೈದಾನ, ಪಾಚಿ ಕಟ್ಟಿದ ಗೋಡೆ. ಮಲ್ಲೇಶ್ವರ ಎಂಬ ಈ ವಸತಿಯನ್ನು ಗಣಿಗೆಂದೇ ಕಟ್ಟಿದ್ದು. ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಈ ಬೀದಿಗಳ ಅಳತೆ ಪರಿಚಿತ. ಯಾವ ಮನೆಯಲ್ಲಿ ಅಡುಗೆಕೋಣೆ ಎಲ್ಲಿರುತ್ತದೆ, ಯಾವ ಅಧಿಕಾರಿಯ ಮನೆಗೆ ಎಷ್ಟು ದೊಡ್ಡ ಅಂಗಳ ಎಂದು ಹೊರಗಿನಿಂದಲೇ ಹೇಳಬಹುದು. ಮಾವ ತಾವಿದ್ದ ಮನೆಯ ಮುಂದೆ ಕಾರು ನಿಲ್ಲಿಸಲು ಹೇಳಿದರು, ಆದರೆ ಇಳಿಯಲಿಲ್ಲ.

ಇಲ್ಲಿಯ ಅದಿರನ್ನು 1913ರಲ್ಲೇ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್. ಆದರೆ ಕಬ್ಬಿಣದ ಅಂಶ ನೂರಕ್ಕೆ ಮೂವತ್ತೈದರ ಆಸುಪಾಸು ಮಾತ್ರ ಇರುವ ಬಡ ಅದಿರು ಇದು. ಬಳ್ಳಾರಿ, ಸಂಡೂರಿನ ಅದಿರಿನಂತೆ ಅಗೆದು ನೇರವಾಗಿ ಲಾರಿಗೆ ತುಂಬುವಂಥದಲ್ಲ. ಹೀಗಾಗಿ ಅರ್ಧ ಶತಮಾನಕ್ಕೂ ಮೀರಿ ಬೆಟ್ಟ ಹಾಗೇ ಇತ್ತು. ಅದನ್ನು ಅಗೆಯುವಂತೆ ಮಾಡಿದ್ದು ದೂರದ ದೇಶದ ಹಣ. 1975ರ ನವೆಂಬರಿನಲ್ಲಿ ಇರಾನಿನ ಶಹಾ ಸರ್ಕಾರ ಭಾರತದೊಡನೆ ಒಪ್ಪಂದ ಮಾಡಿಕೊಂಡಿತು: 63 ಕೋಟಿ ಡಾಲರ್ ಸಾಲ ಕೊಡುವುದು, ಪ್ರತಿಯಾಗಿ ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರಿನ ಪುಡಿ ಪಡೆಯುವುದು. 1976ರ ಏಪ್ರಿಲ್‌ನಲ್ಲಿ ಕುದ್ರೆಮುಖ್ ಐರನ್ ಓರ್ ಕಂಪನಿ ಹುಟ್ಟಿತು. ಗಣಿ, ಗಿರಣಿ, ಅಣೆಕಟ್ಟು, ಕೊಳವೆ, ಬಂದರಿನ ಕಟ್ಟೆ ಎಲ್ಲವನ್ನೂ ನಾಲ್ಕೇ ವರ್ಷದಲ್ಲಿ, ವರ್ಷಕ್ಕೆ ಅರ್ಧಕಾಲ ಮಳೆ ಹೊಯ್ಯುವ ಈ ಕಾಡಿನಲ್ಲಿ ಕಟ್ಟಿ ಮುಗಿಸಿದರು. 1980ರಲ್ಲಿ ಎಲ್ಲ ಸಿದ್ಧವಾದಾಗ ಕೊಳ್ಳುವವನೇ ಇರಲಿಲ್ಲ. 1979ರ ಕ್ರಾಂತಿಯಲ್ಲಿ ಶಹಾ ದೇಶಬಿಟ್ಟು ಹೋಗಿದ್ದ, ಇರಾನಿನ ಹಣವೂ ಅರ್ಧದಲ್ಲೇ ನಿಂತಿತ್ತು. ಯಾರಿಗಾಗಿ ಬೆಟ್ಟವನ್ನು ಬಗೆದರೋ ಅವರು ಬೇಡವೆಂದ ಮೇಲೂ ಬಗೆಯುವುದು ನಿಲ್ಲಲಿಲ್ಲ, ಏಕೆಂದರೆ ಅಷ್ಟು ಹಣ ಸುರಿದಾಗಿತ್ತು. ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿಕೊಂಡಿತು. ಇಷ್ಟು ವರ್ಷಗಳಾದ ಮೇಲೂ ನನಗೆ ನೋವು ಕೊಡುವ ಸಂಗತಿ ಇದು. ನಿಲ್ಲಿಸಿ ಯೋಚಿಸಲು ಕಾಲವೇ ಒಂದು ಅವಕಾಶ ಕೊಟ್ಟಿತ್ತು.

ಕೊಳವೆ ಕೆಲಸ ಮಾಡುತ್ತಿದ್ದ ಬಗೆಯನ್ನು ಮಾವ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ವಿವರಿಸಿದರು. ಅವರ ಮುಖದಲ್ಲಿ ಆಗ ಬಂದ ಕಳೆ ನೋಡಬೇಕಿತ್ತು.

ಸಿಡಿಮದ್ದಿನಿಂದ ಒಡೆದ ಬಂಡೆಯನ್ನು ಕ್ರಷರಿಗೆ ಹಾಕುತ್ತಾರೆ, ಆಮೇಲೆ ಗಿರಣಿಗೆ. ನೀರಿನೊಂದಿಗೆ ಉರುಳಿ ಉರುಳಿ ಕಲ್ಲು ಗೋಧಿಹಿಟ್ಟಿನಷ್ಟು ನುಣ್ಣಗಾಗುತ್ತದೆ. ಇಲ್ಲಿಯ ಅದಿರಿನಲ್ಲಿ ಮ್ಯಾಗ್ನೆಟೈಟ್ ಇರುವುದರಿಂದ ದೊಡ್ಡ ಅಯಸ್ಕಾಂತದ ಉರುಳೆಗಳು ಕಬ್ಬಿಣದ ಕಣವನ್ನು ಹಿಡಿದುಕೊಂಡು ಮರಳನ್ನು ಬಿಟ್ಟುಬಿಡುತ್ತವೆ. ಹೀಗೆ ಸೋಸಿದ ಪುಡಿಯಲ್ಲಿ ಕಬ್ಬಿಣ ನೂರಕ್ಕೆ ಅರವತ್ತೇಳರ ಹತ್ತಿರ. ಇದನ್ನೇ ಕಾನ್ಸಂಟ್ರೇಟ್ ಎನ್ನುವುದು. ಒಂದು ಟನ್ ಕಾನ್ಸಂಟ್ರೇಟ್ ಸಿಗಬೇಕಾದರೆ ಸುಮಾರು ಮೂರು ಟನ್ ಕಲ್ಲು ಅರೆಯಬೇಕು. ಉಳಿದ ಎರಡು ಟನ್ ಎಲ್ಲಿಗೆ ಹೋಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಆ ಪುಡಿಯನ್ನು ಬಂದರಿಗೆ ಸಾಗಿಸುವುದು ಹೇಗೆ? ರೈಲು ಈ ಬೆಟ್ಟಕ್ಕೆ ಬರಲಿಲ್ಲ. ಲಾರಿಯಲ್ಲಾದರೆ, ಹತ್ತು ಟನ್ನಿನ ಲಾರಿ ಎಂದಿಟ್ಟುಕೊಂಡರೂ 75 ಲಕ್ಷ ಟನ್ನಿಗೆ ಏಳೂವರೆ ಲಕ್ಷ ಲೋಡು. ವರ್ಷದ ಎಲ್ಲ ದಿನವೂ ಓಡಿದರೆ ದಿನಕ್ಕೆ ಎರಡು ಸಾವಿರ ಲಾರಿ ಇಳಿಯಬೇಕು, ಅಷ್ಟೇ ಲಾರಿ ಖಾಲಿಯಾಗಿ ಹತ್ತಬೇಕು. ಈ ಘಟ್ಟದ ತಿರುವುಗಳಲ್ಲಿ ಅದು ಆಗದ ಮಾತು. ಆದ್ದರಿಂದ ಕೊಳವೆ. ಕಬ್ಬಿಣದ ಪುಡಿಯನ್ನು ಹೀಗೆ ಕೊಳವೆಯಲ್ಲಿ ಕಳಿಸುವ ವಿದ್ಯೆ ಆಗಿನ್ನೂ ಎಳೆಯದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ, ಸ್ಯಾವೇಜ್ ರಿವರ್ ಗಣಿಯಿಂದ 85 ಕಿಲೋಮೀಟರ್ ದೂರದ ಕಡಲತೀರಕ್ಕೆ 1967ರಲ್ಲಿ ಮೊದಲು ಮಾಡಿದರು. ಬ್ರೆಜಿಲಿನ ಸಮಾರ್ಕೊ ಕಂಪನಿ 1977ರಲ್ಲಿ ಸುಮಾರು 400 ಕಿಲೋಮೀಟರಿನಷ್ಟು ಉದ್ದದ್ದನ್ನು ಹಾಕಿತು. ಅದಾದ ಮೂರು ವರ್ಷಕ್ಕೆ ನಮ್ಮದು.

“ಸ್ಲರಿ ಅಂದ್ರೆ ಬರೀ ಕೆಸರಲ್ಲ,” ಎಂದರು ಮಾವ. “ಮೂರು ಪಾಲಿನಲ್ಲಿ ಎರಡು ಪಾಲು ಪುಡಿ, ಒಂದು ಪಾಲು ನೀರು. ತೆಳು ಆದ್ರೆ ಪುಡಿ ತಳಕ್ಕೆ ಕೂರುತ್ತೆ. ಗಟ್ಟಿ ಆದ್ರೆ ಪಂಪು ತಳ್ಳೋದಿಲ್ಲ. ಮೆಲ್ಲಗೆ ಬಿಟ್ರೆ ಕಟ್ಟಿಕೊಳ್ಳುತ್ತೆ. ಜೋರಾಗಿ ಬಿಟ್ರೆ ಪೈಪಿನ ಒಳಮೈಯನ್ನ ತಿಂದು ಹಾಕುತ್ತೆ.”

“ಮಧ್ಯೆ ಕರೆಂಟು ಹೋದರೆ?” ಎಂದು ಕೇಳಿದ ತಮ್ಮ.

“ಅದೇ ನಮ್ಮ ಭಯ ಕಣೋ. ಇಳಿಜಾರಿನಲ್ಲಿ ನಿಂತ ಪುಡಿಯೆಲ್ಲ ಜಾರಿ ತಗ್ಗಿನಲ್ಲಿ ಹೋಗಿ ಕೂತು ಗಟ್ಟಿಯಾಗುತ್ತೆ. ಅದಕ್ಕೇ ಪೈಪು ಹಾಕೋವಾಗ್ಲೇ ಇಳಿಜಾರು ಇಷ್ಟಕ್ಕಿಂತ ಕಡಿದಾಗಿರಬಾರದು ಅಂತ ಲೆಕ್ಕ ಇರುತ್ತೆ. ನಿಲ್ಲಿಸಲೇಬೇಕು ಅಂದ್ರೆ ಹಿಂದಿನಿಂದ ಬರೀ ನೀರು ಬಿಟ್ಟು ಲೈನ್ ತೊಳೀಬೇಕು.”

ಸುಮಾರು ಹದಿನಾರು–ಹದಿನೆಂಟು ಅಂಗುಲ ಅಡ್ಡಳತೆಯ ಕೊಳವೆ. ಸಾಮರ್ಥ್ಯಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಸ್ಲರಿ ಅದರೊಳಗೆ ಮನುಷ್ಯ ಬಿರುಸಾಗಿ ನಡೆಯುವ ವೇಗದಲ್ಲಿ ಸಾಗಬೇಕು. ಬೆಳಿಗ್ಗೆ ಕುದುರೆಮುಖ ಬಿಟ್ಟದ್ದು ಸಂಜೆಯೋ ರಾತ್ರಿಯೋ ಪಣಂಬೂರು ಸೇರುತ್ತಿತ್ತು. ಧೂಳಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಬಳ್ಳಾರಿ, ಹೊಸಪೇಟೆಯ ರಸ್ತೆಗಳನ್ನು ಅದಿರಿನ ಲಾರಿಗಳು ಕೆಂಪು ಧೂಳಿನಲ್ಲಿ ಮುಳುಗಿಸಿದ್ದ ವರ್ಷಗಳನ್ನು ನೆನೆದರೆ, ಕೊಳವೆಯೇ ಮೇಲು ಎಂದು ಯಾರಾದರೂ ಒಪ್ಪಬೇಕು. ನಾನೂ ಒಪ್ಪುತ್ತೇನೆ. ಅದನ್ನು ರೂಪಿಸಿದವರ, ಸುರಿವ ಮಳೆಯಲ್ಲಿ ಅದನ್ನು ಕಾದವರ ಕುಶಲತೆಗೆ ನನ್ನಲ್ಲಿ ಗೌರವವಿದೆ. ಮಾವನ ಬದುಕೇ ಅದರಲ್ಲಿ ಕಳೆದಿದೆ. ಆದರೆ ಬಳ್ಳಾರಿಯಲ್ಲಿ ಜನ ಎದ್ದು ನಿಂತದ್ದು, ಲೋಕಾಯುಕ್ತರ ವರದಿಯವರೆಗೆ ಮಾತು ಬೆಳೆದದ್ದು ಧೂಳು ಮನೆಯೊಳಗೆ ಬಂದದ್ದರಿಂದಲೂ ಹೌದು. ಇಲ್ಲಿ ಬೆಟ್ಟವೊಂದು ಅಷ್ಟು ವರ್ಷ ಅಷ್ಟು ಅಚ್ಚುಕಟ್ಟಾಗಿ ಹೊರಟುಹೋಗುತ್ತಿತ್ತು. ಕೊಳವೆಯ ಮೇಲಿನ ಹುಲ್ಲಿನಲ್ಲಿ ದನ ಮೇಯುತ್ತಿದ್ದವು.

ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಗಣಿ ಇರುವುದು ಭದ್ರೆಯ ಜಲಾನಯನದಲ್ಲಿ. ಭದ್ರೆಯ ನೀರು ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗತಕ್ಕದ್ದು. ಬಂದರು ಅರಬ್ಬೀ ಸಮುದ್ರದಲ್ಲಿ. ಮೂರರಲ್ಲಿ ಒಂದು ಪಾಲು ನೀರೆಂದರೆ, ಪೂರ್ಣ ಸಾಮರ್ಥ್ಯದಲ್ಲಿ ನಡೆದ ವರ್ಷ ಮೂವತ್ತು ಲಕ್ಷ ಟನ್ನಿಗೂ ಮೀರಿದ ನೀರು ಪುಡಿಯ ಜೊತೆಗೆ ಘಟ್ಟ ದಾಟಿ ಪಶ್ಚಿಮಕ್ಕೆ ಹೋಯಿತು. ಕುದುರೆಮುಖದ ಮಳೆಯ ಮುಂದೆ ಇದು ಅಲ್ಪವೇ. ನೀರು ಕಡಿಮೆಯಾಯಿತೆಂದು ನಾನು ದೂರುತ್ತಿಲ್ಲ. ಆದರೆ ನದಿಯ ಕೆಳಗಿನ ಒಂದು ಊರನ್ನಾದರೂ ಕೇಳಿ ಇದು ನಡೆಯಲಿಲ್ಲ ಎಂಬುದು ಮನಸ್ಸಿಗೆ ಹತ್ತುತ್ತದೆ.

ಲಕ್ಯಾ ಹೊಳೆ ಭದ್ರೆಯ ಒಂದು ಉಪನದಿ. ಅದಕ್ಕೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ದಾರೆ. ಮೂರು ಟನ್ ಕಲ್ಲಿನಲ್ಲಿ ಉಳಿದ ಆ ಎರಡು ಟನ್ ಇಲ್ಲಿದೆ. ಅರೆದ ಮರಳು, ನೀರು ಸೇರಿದ ರಾಡಿ, ಗಣಿಯವರ ಮಾತಿನಲ್ಲಿ ಟೇಲಿಂಗ್ಸ್. ಅನುಮತಿಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಮಾವ ರಸ್ತೆಯಿಂದಲೇ ಕೈ ಮಾಡಿ ತೋರಿಸಿದ ದಿಕ್ಕಿನಲ್ಲಿ ಶೋಲಾ ಕಾಡು ತುಂಬಿದ ಕಣಿವೆಗಳು, ಅವುಗಳ ಮೇಲೆ ಹುಲ್ಲಿನ ಬೋಳು ನೆತ್ತಿಗಳು, ಅವುಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕಡಿದಿಟ್ಟ ಬೆಟ್ಟ. ಮಳೆ ಬಿದ್ದು ಬಿದ್ದು ಮೆಟ್ಟಿಲಿನ ಅಂಚುಗಳು ಈಗ ಮೊಂಡಾಗಿವೆ, ಹಸಿರೂ ಹತ್ತಿದೆ.

ಗಣಿ ನಿಂತ ಕತೆ ಕರ್ನಾಟಕದ ಪರಿಸರ ಹೋರಾಟಗಳ ದೊಡ್ಡ ಅಧ್ಯಾಯ. 1987ರಲ್ಲಿ ಈ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಮೊದಲು ಘೋಷಿಸಿದಾಗ ಗಣಿ ಅದರ ಹೊಟ್ಟೆಯಲ್ಲೇ ಇತ್ತು. ಸಿಂಗಳೀಕಗಳಿಗೆ ಉಳಿದಿರುವ ಕೆಲವೇ ಒಳ್ಳೆಯ ನೆಲೆಗಳಲ್ಲಿ ಇದೂ ಒಂದು. ಗಣಿ ಗುತ್ತಿಗೆ 1999ರಲ್ಲಿ ಮುಗಿಯಿತು. ಕಂಪನಿ ಗುತ್ತಿಗೆಯ ಮುಂದುವರಿಕೆಯನ್ನೂ, ನೆಲ್ಲಿಬೀಡು, ಗಂಗಡಿಕಲ್ಲಿನಂಥ ಹೊಸ ಬೆಟ್ಟಗಳನ್ನೂ ಕೇಳಿತು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಯ ಕಡೆ ತುಂಗೆಯ ಮೂಲ ಉಳಿಸಬೇಕೆಂದು ಜನ ಎದ್ದರು. ನಾಗರಹೊಳೆಯ ಕಾಡನ್ನು ಕಾದು ಹೆಸರಾದ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೋದ ಪ್ರಕರಣದಲ್ಲಿ 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕು. 2005ರ ಡಿಸೆಂಬರ್ 31ಕ್ಕೆ ನಿಂತಿತು.

“ತೀರ್ಪು ಬಂದ ದಿನ ನಿಮಗೆ ಏನನ್ನಿಸಿತು ಮಾವ?”

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮಕ್ಕಳ ಶಾಲೆ ಏನಾಗುತ್ತೋ ಅಂತ ಅನ್ನಿಸಿತು. ಮೊದಲು ಅದೇ. ಬೆಟ್ಟದ ಯೋಚನೆ ಆಮೇಲೆ ಬಂತು. ನಿಮ್ಮಪ್ಪನಿಗೆ ಫೋನ್ ಮಾಡಿದ್ದೆ. ಕಾರ್ಖಾನೆ ಮುಚ್ಚೋದು ಅಂದ್ರೆ ಏನು ಅಂತ ಭದ್ರಾವತಿಯವರಿಗೆ ಹೇಳಿ ತಿಳಿಸಬೇಕಾಗಿಲ್ಲ.”

ಆ ಮಾತು ಸರಿ. ನಮ್ಮ ಕಾರ್ಖಾನೆಗೂ ಸ್ವಂತ ಗಣಿ ಇಲ್ಲವೆಂಬ ಕೊರಗು ವರ್ಷಾನುಗಟ್ಟಲೆ ಇತ್ತು; 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂದಾಗ ಜನ್ನಾಪುರ, ನ್ಯೂಟೌನ್, ಹುತ್ತಾ ಕಾಲೊನಿಯ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಭದ್ರೆಯ ತಲೆಯಲ್ಲಿ ಒಂದು ಕಬ್ಬಿಣದ ಊರು, ನಡುವಿನಲ್ಲಿ ಒಂದು ಕಬ್ಬಿಣದ ಊರು. ಮೇಲಿನ ಊರಿನ ಅದಿರನ್ನು ಕೊಳವೆ ಕಡಲಾಚೆಗೆ ಹೊತ್ತಿತು, ಕೆಳಗಿನ ಊರು ಅದಿರಿಗಾಗಿ ಬೇರೆ ದಿಕ್ಕು ನೋಡಿತು. ಇಷ್ಟಾದರೂ, ಗಣಿ ನಿಂತದ್ದು ಸರಿ ಎಂದೇ ನನ್ನ ನಿಲುವು. ಕೆಲಸ ಕಳೆದುಕೊಂಡವರ ಮುಂದೆ ನಿಂತು ಈ ಮಾತು ಹೇಳುವುದು ಕಷ್ಟ. ಮಾವನ ಮುಂದೆಯೇ ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಬೇಸರಗೊಂಡರೋ ತಿಳಿಯಲಿಲ್ಲ.

ಕುದುರೆಮುಖದಿಂದ ಮುಂದೆ ರಸ್ತೆ ಭದ್ರೆಯ ಜೊತೆಗೇ ಏರುತ್ತದೆ. ಇಲ್ಲಿ ಅದು ಹಾರಿ ದಾಟಬಹುದಾದಷ್ಟು ಕಿರಿದು. ಕಾಡಿನ ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಹನುಮನಗುಂಡಿ, ಕಡಾಂಬಿ ಜಲಪಾತಗಳನ್ನು ಹಾದು ಎಸ್.ಕೆ. ಬಾರ್ಡರ್ ತನಿಖಾ ಠಾಣೆಗೆ ಬಂದೆವು. ನೀರು ಎರಡು ದಿಕ್ಕಿಗೆ ಬೇರೆಯಾಗುವ ಏಣು ಇಲ್ಲಿಯದೇ. ಶೃಂಗೇರಿಯ ದಾರಿ ಒಂದು ಕಡೆ, ಕಾರ್ಕಳದ್ದು ಇನ್ನೊಂದು ಕಡೆ. ಮಾಳಾ ಘಾಟಿ ಇಳಿಯತೊಡಗಿದ ಮೇಲೆ ಮಾವ ಕಿಟಕಿಯ ಗಾಜು ಇಳಿಸಿ, ಕೊಳವೆ ಎಲ್ಲಿ ರಸ್ತೆಯ ಹತ್ತಿರ ಬರುತ್ತದೆ, ಎಲ್ಲಿ ದೂರ ಸರಿಯುತ್ತದೆ ಎಂದು ಹೇಳುತ್ತಾ ಬಂದರು. ನಮಗೆ ಕಂಡದ್ದು ಕಾಡು ಮಾತ್ರ. ಘಟ್ಟದ ಇಳಿತದಲ್ಲಿ ಪಂಪು ತಳ್ಳುವ ಅಗತ್ಯ ಕಡಿಮೆ, ಭಾರವೇ ಸ್ಲರಿಯನ್ನು ಎಳೆದುಕೊಂಡು ಹೋಗುತ್ತದೆ. ಅಲ್ಲಿ ಚಿಂತೆ ಇರುವುದು ಒತ್ತಡವನ್ನು ಹತೋಟಿಯಲ್ಲಿ ಇಡುವುದರದ್ದು. ಮಾಳ, ಬಜಗೋಳಿ. ಸೆಖೆ ಮೈಗೆ ಅಂಟಿತು, ತುಳು ಕಿವಿಗೆ ಬಿತ್ತು. ಕಾರ್ಕಳದಲ್ಲಿ ಬೆಟ್ಟದ ಮೇಲಿನ ಗೊಮ್ಮಟನನ್ನು ಕೆಳಗಿನಿಂದಲೇ ಕಂಡು ಮುಂದೆ ಹೊರಟೆವು. 1432ರಲ್ಲಿ ಒಂದೇ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಮೂರ್ತಿ ಅದು.

ಪಣಂಬೂರಿನ ಬಂದರಿಗೂ ಕುದುರೆಮುಖಕ್ಕೂ ಬಿಡದ ನಂಟು. 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಹೊಸ ಬಂದರಿಗೆ ನೆಚ್ಚಿಕೊಳ್ಳುವಂಥ ದೊಡ್ಡ ಸರಕು ಬೇಕಿತ್ತು. ಅದಿರು ಅದನ್ನು ಒದಗಿಸಿತು. ಕೊಳವೆಯಿಂದ ಬಂದ ಸ್ಲರಿಯನ್ನು ಇಲ್ಲಿಯ ಫಿಲ್ಟರ್ ಪ್ಲಾಂಟಿನಲ್ಲಿ ಹಿಂಡಿ ನೀರು ತೆಗೆದು, ಒದ್ದೆ ಪುಡಿಯನ್ನು ರಾಶಿ ಹಾಕುತ್ತಿದ್ದರು. ರಾಶಿಯಿಂದ ಕನ್ವೇಯರ್ ಪಟ್ಟಿ, ಪಟ್ಟಿಯಿಂದ ಹಡಗಿನ ಹೊಟ್ಟೆ. 1987ರಲ್ಲಿ ಪಕ್ಕದಲ್ಲೇ ಪೆಲೆಟ್ ಕಾರ್ಖಾನೆ ಶುರುವಾಯಿತು: ಪುಡಿಯನ್ನು ಉಂಡೆ ಕಟ್ಟಿ, ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿ ಮಾರುವುದು.

ನೀರು ಹಿಂಡುವುದು ಚಿಕ್ಕ ಕೆಲಸವೆಂದು ಕಾಣಬಹುದು. ಹಡಗಿನವರ ಜೀವ ಇರುವುದೇ ಅದರಲ್ಲಿ. ತೇವ ಮಿತಿ ಮೀರಿದ ಅದಿರಿನ ಪುಡಿ ನೋಡುವುದಕ್ಕೆ ಒಣ ಮಣ್ಣಿನಂತೆಯೇ ಇರುತ್ತದೆ. ಕಡಲಿನಲ್ಲಿ ಹಡಗು ಅಲುಗಿ ಅಲುಗಿ, ಕಣಗಳ ನಡುವಿನ ನೀರು ಮೇಲೆ ಬಂದು, ಇಡೀ ರಾಶಿ ಒಮ್ಮೆಲೇ ದ್ರವವಾಗಿ ಒಂದು ಪಕ್ಕಕ್ಕೆ ಸರಿದುಬಿಡುತ್ತದೆ. ಆಗ ಹಡಗು ವಾಲುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಕುದುರೆಮುಖ ಮುಚ್ಚಿ ಕೆಲವು ವರ್ಷಗಳಾದ ಮೇಲೆ, 2009ರ ಜುಲೈ ತಿಂಗಳ ಮಳೆಯಲ್ಲಿ, ಇದೇ ಬಂದರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಹೀಗೆಯೇ ವಾಲಿ ಮಂಗಳೂರಿನ ಹೊರಗಿನ ಕಡಲಲ್ಲಿ ಮುಳುಗಿತು. ಅದರಲ್ಲಿದ್ದ 18 ಮಂದಿಯನ್ನೂ ಕರಾವಳಿ ರಕ್ಷಣಾ ಪಡೆ ಉಳಿಸಿತು. ಎರಡು ತಿಂಗಳು ಕಳೆಯುವುದರೊಳಗೆ ಒಡಿಶಾದ ಪಾರಾದೀಪಿನಲ್ಲಿ ‘ಬ್ಲ್ಯಾಕ್ ರೋಸ್’ ಮುಳುಗಿತು. ಬಯಲಿನಲ್ಲಿ ಮಳೆಗೆ ನೆನೆದ ಅದಿರನ್ನು ತೇವ ಅಳೆಯದೆ ತುಂಬುವುದರ ಅಪಾಯ ನಮ್ಮ ಬಂದರುಗಳಿಗೆ ಈ ಹಡಗುಗಳಿಂದ ತಿಳಿಯಬೇಕಾಯಿತು.

“ನಮ್ಮ ಫಿಲ್ಟರಿನವರು ಪ್ರತಿ ಶಿಫ್ಟಿನಲ್ಲೂ ತೇವ ನೋಡೋರು,” ಎಂದರು ಮಾವ, ಬಂದರಿನ ಗೋಡೆಯಾಚೆ ಕಾಣುವ ಕ್ರೇನುಗಳ ಕಡೆ ನೋಡುತ್ತಾ. “ಒಂದು ಅಂಕಿ ಹೆಚ್ಚಾದ್ರೆ ಜಗಳ.”

ಈಗ ಇಲ್ಲಿ ಕುದುರೆಮುಖದ ಅದಿರಿಲ್ಲ. ಗಣಿ ನಿಂತ ಮೇಲೆ ಪೆಲೆಟ್ ಕಾರ್ಖಾನೆಯನ್ನು ಉಳಿಸಿಕೊಳ್ಳಲು ಛತ್ತೀಸಗಢದ ಬೈಲಾಡಿಲದ ಅದಿರನ್ನು ತಂದರು. ಅದು ವಿಶಾಖಪಟ್ಟಣಕ್ಕೆ ಬಂದು, ಹಡಗು ಹತ್ತಿ, ದೇಶದ ದಕ್ಷಿಣ ತುದಿ ಸುತ್ತಿಕೊಂಡು ಮಂಗಳೂರಿಗೆ ಬರುತ್ತಿತ್ತು. ಬೈಲಾಡಿಲದಿಂದ ವಿಶಾಖಪಟ್ಟಣಕ್ಕೂ 267 ಕಿಲೋಮೀಟರಿನ ಒಂದು ಖಾಸಗಿ ಸ್ಲರಿ ಕೊಳವೆ ಇದೆ. ಅಲ್ಲಿಯೂ ಕಾಡು, ಅಲ್ಲಿಯೂ ಬೆಟ್ಟ, ಕೆಳಗೆ ಹಳ್ಳಿಗಳು. ಅಲ್ಲಿಯ ಹೊಳೆಯ ದಡದಲ್ಲಿ ಕೂತವರಿಗೆ ಇದೆಲ್ಲ ಎಷ್ಟು ಕಾಣುತ್ತಿದೆಯೋ ಎಂದು ಯೋಚಿಸದೆ ಇರಲು ನನ್ನಿಂದ ಆಗಲಿಲ್ಲ.

ನನ್ನ ಮನಸ್ಸು ಮಾತ್ರ ಲಕ್ಯಾ ಬಿಟ್ಟು ಬಂದಿರಲಿಲ್ಲ. ನಮ್ಮ ಕೊಳವೆಗಿಂತ ಮೂರು ವರ್ಷ ಮೊದಲು ಕೊಳವೆ ಹಾಕಿದ ಅದೇ ಸಮಾರ್ಕೊ ಕಂಪನಿಯ ಫುಂಡಾವ್ ಎಂಬ ರಾಡಿಯ ಅಣೆಕಟ್ಟು 2015ರ ನವೆಂಬರ್ 5ರಂದು ಒಡೆಯಿತು. 19 ಜನ ಸತ್ತರು. ರಾಡಿ ದೋಸಿ ನದಿಗೆ ಇಳಿದು ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸಾಗರ ಮುಟ್ಟಿತು. ನದಿಯ ಕೆಳಗಿನ ಪಟ್ಟಣಗಳಲ್ಲಿ ಕುಡಿಯುವ ನೀರು ನಿಂತಿತು. ಲಕ್ಯಾ ಬೇರೆ ಬಗೆಯ ಕಟ್ಟೆ. ಬ್ರೆಜಿಲಿನದನ್ನು ರಾಡಿಯ ಮೇಲೆಯೇ ಹಂತ ಹಂತವಾಗಿ ಏರಿಸಿದ್ದರು; ಇದು ಮಣ್ಣು ತುಂಬಿ ಕಟ್ಟಿದ ಗಟ್ಟಿ ಅಣೆಕಟ್ಟು. ಹೆದರಿಸಲು ಈ ಮಾತು ಬರೆಯುತ್ತಿಲ್ಲ. ಆದರೆ ಗಣಿ ಮುಗಿದರೂ ಕಟ್ಟೆ ಮುಗಿಯುವುದಿಲ್ಲ. ಅದರ ಹಿಂದೆ ಇರುವುದು ಇಂಗಿ ಹೋಗುವ ನೀರಲ್ಲ, ಅರೆದಿಟ್ಟ ಬೆಟ್ಟ. ಪ್ರತಿ ಮಳೆಗಾಲವೂ ಆ ಕಣಿವೆಗೆ ಮಳೆ ಸುರಿಯುತ್ತದೆ. ಹೆಚ್ಚಾದ ನೀರು ಸರಿಯಾಗಿ ಹೊರಹೋಗುವಂತೆ, ಕಟ್ಟೆಯ ಮೈಯಲ್ಲಿ ಸೋರಿಕೆ ಕಾಣದಂತೆ ಯಾರಾದರೂ ನೋಡುತ್ತಲೇ ಇರಬೇಕು. ನಮ್ಮ ಮೊಮ್ಮಕ್ಕಳ ಕಾಲದಲ್ಲೂ.

ಹೀಗೆಂದು ಮಾವನಿಗೆ ಹೇಳಿದಾಗ ಅವರು ತಕ್ಷಣ ಕೆಲಸದ ಮಾತಿಗೆ ಬಂದರು. “ಕಟ್ಟೆ ಮೈಯೊಳಗೆ ನೀರಿನ ಮಟ್ಟ ಅಳೆಯೋ ಕೊಳವೆಗಳಿರ್ತವೆ. ದಿನಾ ಓದಿ ಬರೆದಿಡಬೇಕು. ಆ ಪುಸ್ತಕ ನೋಡಿದ್ರೆ ಕಟ್ಟೆ ಆರೋಗ್ಯ ತಿಳಿಯುತ್ತೆ.”

ನಾನು ಕೇಳುವುದು ಆ ಪುಸ್ತಕವನ್ನೇ. ಲಕ್ಯಾ ಕಟ್ಟೆಯ ಅಳತೆಗಳು, ತಜ್ಞರು ಪರಿಶೀಲಿಸಿದ ದಿನ, ಅವರು ಬರೆದ ಟಿಪ್ಪಣಿ, ಎಲ್ಲವೂ ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ, ಕನ್ನಡದಲ್ಲಿ ಅಚ್ಚಾಗಿ ಕಳಸದ ಪಂಚಾಯಿತಿಯಲ್ಲಿ, ಬಾಳೆಹೊನ್ನೂರಿನಲ್ಲಿ, ನರಸಿಂಹರಾಜಪುರದಲ್ಲಿ, ಭದ್ರಾವತಿ ನಗರಸಭೆಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಹಚ್ಚಿರಬೇಕು. ಸಂಜೆ ಪಣಂಬೂರಿನ ಒಂದು ಹೋಟೆಲಿನಲ್ಲಿ ಕೂತು ಮಾವ ಹೇಳುತ್ತಾ ಹೋದರು, ನಾನು ಬರೆದುಕೊಂಡೆ: ಯಾವ ಯಾವ ಅಳತೆ ಕೇಳಬೇಕು, ಎಷ್ಟು ವರ್ಷದ ಹಿಂದಿನಿಂದ ಕೇಳಬೇಕು, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಯಾವ ಪದ ಬಳಸಿದರೆ ಉತ್ತರ ನುಣುಚಿಕೊಳ್ಳುವುದಿಲ್ಲ. ಅರ್ಜಿಯ ಕೆಳಗೆ ಮೊದಲ ಸಹಿ ಅವರೇ ಹಾಕಿದರು.